ಅತ್ತೆಯವರ ಕುತ್ತಿಗೆ

ನಮ್ಮ ಜಮಖಂಡಿ ಮುಂಬಯಿ ರಾಜ್ಯದಲ್ಲಿದ್ದ ಕಾಲ. ಅತ್ತೆ ಬಡಿಯುತ್ತಿದ್ದ ರೊಟ್ಟಿ ಕೈಯಲ್ಲೇ ಹರಿಯತೊಡಗಿತು, ನಡೆಯುವಾಗ ಕಾಲು ತೊಡರತೊಡಗಿದವು. ನಾನೂ ನನ್ನ ಯಜಮಾನರೂ ಅವರನ್ನು ಕುಡಚಿಯಲ್ಲಿ ರೈಲು ಹತ್ತಿಸಿ ಮಿರಜಿನ ದೊಡ್ಡ ದವಾಖಾನೆಗೆ ಕರೆದೊಯ್ದೆವು.

ಬೆರಳುಗಳ ಹಿಡಿತ ನೋಡಲು ಡಾಕ್ಟರು ಒಂದು ಅಂಗಿ ಕೊಟ್ಟು ಗುಂಡಿ ಹಾಕಲು ಹೇಳಿದರು. ಅತ್ತೆ ಅದನ್ನು ಪಕ್ಕಕ್ಕಿಟ್ಟರು.

"ನಾವು ಕುಪ್ಪಸಕ್ಕ ಗಂಟ ಹಾಕೋ ಮಂದಿರೀ, ಗುಂಡಿ ಯಾವಾಗ ಮುಟ್ಟೇವಿ? ಈಗ ಆ ಗಂಟೂ ಸೊಸಿನ ಹಾಕಬೇಕಾಗೇತಿ ನೋಡ್ರಿ."

ಡಾಕ್ಟರು ನಕ್ಕರು. ಕುತ್ತಿಗೆಯ ಎಲುಬು ಬೆಳೆದು ಒಳಗಿನ ನರದ ಹುರಿಯನ್ನು ಅದುಮುತ್ತಿದೆ, ಹಿಂದಿನಿಂದ ಕೊಯ್ದು ಸ್ವಲ್ಪ ಎಲುಬು ತೆಗೆದು ಜಾಗ ಮಾಡಬೇಕು ಎಂದರು. ಹೋದ ಶಕ್ತಿಯೆಲ್ಲ ಮರಳುತ್ತದೆಂಬ ಭರವಸೆ ಕೊಡಲಿಲ್ಲ.

ನಾನು ಯಜಮಾನರ ಮುಖ ನೋಡಿದೆ. ಅತ್ತೆ ಮಾತ್ರ, "ಬಿಗಿ ಆಗೇತಿ ಅಂದ್ರ ಸಡ್ಲ ಮಾಡ್ರಿ, ಅದಕ್ಕ ಬಂದೇವಿ," ಎಂದರು.

ಶಸ್ತ್ರಕ್ರಿಯೆ ಸುಸೂತ್ರವಾಗಿ ಆಯಿತು. ಬೆರಳುಗಳು ಪೂರ್ತಿ ಸುಧಾರಿಸಲಿಲ್ಲ, ಕಾಲಿಗೆ ಮಾತ್ರ ಬಲ ಬಂತು. ಕೊರಳಿಗೆ ಬಿಗಿದಿದ್ದ ಪಟ್ಟಿಯಿಂದಾಗಿ ತಲೆ ಹೊರಳುತ್ತಿರಲಿಲ್ಲ; ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದರು.

"ಏನ್ ಠೀವಿರೀ ಅವ್ವಾರ ನಿಮ್ದು!" ಎಂದು ಓಣಿಯ ಹೆಂಗಸರು ನಗುತ್ತಿದ್ದರು. ಅತ್ತೆಯೂ ನಕ್ಕು, ಇನ್ನಷ್ಟು ಠೀವಿಯಿಂದ ಸಂತೆಗೆ ನಡೆಯುತ್ತಿದ್ದರು.