ಸದ್ದು ಮಾಡುವವರ ಆಟ

ಮೆಲ್ಬರ್ನ್‌ ಹೊರವಲಯದ ಟಾರ್ನೀಟ್‌ನ ಸಂಯುಕ್ತಾ ನಾಲ್ಕು ವರ್ಷದಲ್ಲಿ ಹನ್ನೊಂದು ಕನ್ನಡ ಸಿನಿಮಾ ನೋಡಿದ್ದಳು, ಒಂದನ್ನೂ ಪೂರ್ತಿ ನೋಡಿರಲಿಲ್ಲ. ಅವಳ ಗಂಡ ಭಾಸ್ಕರನದೂ ಅದೇ ಪಾಡು. ಅವನು ಇಂಟರ್ವಲ್‌ವರೆಗೆ, ಇವಳು ಇಂಟರ್ವಲ್‌ನಿಂದಾಚೆ. ಹಾಲ್‌ನ ಬಾಗಿಲ ಹೊರಗೆ ಮಗ ಅದ್ವಿಕ್‌ನನ್ನು ಭಾಸ್ಕರ ಇವಳ ಸೊಂಟದಿಂದ ತನ್ನ ಸೊಂಟಕ್ಕೆ ದಾಟಿಸಿಕೊಳ್ಳುತ್ತಿದ್ದ. "ಹೀರೋಗೆ ಮದುವೆ ಆಗಿದೆ, ಆದ್ರೆ ಅವನಿಗೇ ಗೊತ್ತಿಲ್ಲ" ಎಂದು ಒಂದೂಕಾಲು ಗಂಟೆಯ ಕತೆಯನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ. ಇವಳು ಒಳಗೆ ಓಡುತ್ತಿದ್ದಳು. ಒಂಬತ್ತು ವರ್ಷದ ಮಗಳು ಆದ್ಯಾ ಮಾತ್ರ ಮೊದಲಿಂದ ಕೊನೆವರೆಗೆ ಅಲುಗದೆ ಕೂತು, ಮನೆಗೆ ಹೋಗುವಾಗ ಕಾರಿನಲ್ಲಿ ಅಪ್ಪ ಅಮ್ಮನಿಗೆ ಇಡೀ ಸಿನಿಮಾವನ್ನು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಳು. ಕನ್ನಡ ಸಿನಿಮಾವನ್ನು ಹೆತ್ತ ಮಗಳ ಬಾಯಲ್ಲಿ ಇಂಗ್ಲಿಷಿನಲ್ಲಿ ಕೇಳಿ ತಿಳಿದುಕೊಳ್ಳುವುದಕ್ಕೂ ಪುಣ್ಯ ಮಾಡಿರಬೇಕು.

ಮಗುವನ್ನು ಮನೆಯಲ್ಲಿ ಬಿಟ್ಟು ಹೋಗಬಹುದಿತ್ತಲ್ಲ ಎನ್ನುವವರು ಇದ್ದಾರೆ. ಯಾರ ಹತ್ತಿರ ಬಿಡುವುದು, ಫ್ರಿಜ್ ಹತ್ತಿರವೇ? ಅಜ್ಜ ಅಜ್ಜಿ ತಿಪಟೂರಿನಲ್ಲಿ, ಚಿಕ್ಕಮ್ಮ ಬೆಂಗಳೂರಿನಲ್ಲಿ. ಹೇಗೂ ಆಮೇಲೆ ಟೀವಿಯಲ್ಲಿ ಬರುತ್ತಲ್ಲ, ಮನೆಯಲ್ಲೇ ನೋಡೋಣ ಎಂದು ಭಾಸ್ಕರ ಎಷ್ಟೋ ಸಲ ಹೇಳಿದ್ದ. ಮನೆಯಲ್ಲಿ ನೋಡುವುದು ಸಿನಿಮಾ ಅಲ್ಲ, ಬಟ್ಟೆ ಮಡಚುವ ಕೆಲಸ ಎಂಬುದು ಸಂಯುಕ್ತಾಳ ಅಭಿಪ್ರಾಯ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಅವಳ ಮನಸ್ಸಿನಲ್ಲಿತ್ತು. ಅವಳ ಮಕ್ಕಳ ಕಿವಿಗೆ ಈ ದೇಶದಲ್ಲಿ ಕನ್ನಡ ಎಂದರೆ ಸ್ನಾನಕ್ಕೆ ಬಾ, ಊಟ ಮುಗಿಸು, ಐಪ್ಯಾಡ್ ಇಡು. ಬರೀ ಆಜ್ಞೆ. ಇನ್ನೂರು ಜನ ಒಟ್ಟಿಗೆ ಕೂತು ನಗುವ ಕನ್ನಡ, ನಾಲ್ಕು ಗೋಡೆಯಿಂದಲೂ ಕೇಳಿಸುವ ಕನ್ನಡ, ಕನ್ನಡ ಸಿನಿಮಾ ಬಂದರೆ ಎರಡೇ ಆಟ ಹಾಕುವ ಆ ಹಾಲ್ ಒಂದರಲ್ಲೇ ಇತ್ತು. ಅಲ್ಲಿ ತಾನೂ ಗಂಡನೂ ಎರಡು ಮಕ್ಕಳೂ ಅಕ್ಕಪಕ್ಕ ಕೂತು ಒಂದು ಸಿನಿಮಾವನ್ನು ಮೊದಲಿಂದ ಕೊನೆವರೆಗೆ ನೋಡಬೇಕು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ, ಆದರೆ ತುಂಬಾ ಬೇಕಾಗಿತ್ತು.

ಏಪ್ರಿಲ್‌ನ ಸ್ಕೂಲ್ ರಜೆಯಲ್ಲಿ ಅವಳು ಧೈರ್ಯ ಮಾಡಿದಳು. ಅದ್ವಿಕ್‌ಗೆ ಆಗ ನಾಲ್ಕೂವರೆ. "ಇವತ್ತು ಎಲ್ಲರೂ ಒಳಗೆ," ಎಂದು ಕೋಡುಬಳೆ ಡಬ್ಬಿ ಹಿಡಿದು ನಡೆದಳು. ಕೋಡುಬಳೆ ಇಂಟರ್ವಲ್‌ವರೆಗೆ ಮಾನ ಕಾಪಾಡಿತು. ಆಮೇಲೆ ತೆರೆಯ ಮೇಲೆ ನಾಯಕನ ಅಜ್ಜಿ ಪ್ರಾಣ ಬಿಟ್ಟಳು. ಪಿಟೀಲು ಅಳುತ್ತಿತ್ತು, ಹಾಲ್ ತುಂಬಾ ಮೂಗೊರೆಸುವ ಸದ್ದು. ಅದ್ವಿಕ್ ಸೀಟಿನ ಮೇಲೆ ಎದ್ದು ನಿಂತು ಗಟ್ಟಿಯಾಗಿ ಕೇಳಿದ: "ಅಮ್ಮಾ, ಆ ಅಜ್ಜೀದು ಚಾರ್ಜ್ ಖಾಲಿ ಆಯ್ತಾ?"

ಅರ್ಧ ಹಾಲ್ ನಕ್ಕಿತು, ಅರ್ಧ ಹಾಲ್ ಶ್ ಎಂದಿತು. ಎಲ್ಲರಿಗಿಂತ ಮೊದಲು ನಕ್ಕವಳು ಸಂಯುಕ್ತಾ. ಅವಳ ನಿಜವಾದ ಅಪರಾಧ ಅದೇ ಇರಬೇಕು.

ಮರುದಿನ ವಾಟ್ಸಾಪ್ ಗುಂಪಿನಲ್ಲಿ ಗುರುಶಾಂತಪ್ಪನ ಸಂದೇಶ ಬಂತು. ಗುರುಶಾಂತಪ್ಪ ದಾವಣಗೆರೆಯವನು, ಐಟಿ ಮ್ಯಾನೇಜರು. ಮೆಲ್ಬರ್ನ್‌ನ ಪಶ್ಚಿಮದ ಸಬರ್ಬ್‌ಗಳಿಗೆ ಕನ್ನಡ ಸಿನಿಮಾ ಬರುತ್ತಿದ್ದದ್ದೇ ಅವನ ಓಡಾಟದಿಂದ. ಸಿಡ್ನಿಯ ವಿತರಕರನ್ನು ಕಾಡಿ ಬೇಡಿ, ಜನ ಕೂಡಿಸಿ, ಟಿಕೆಟ್ ಮಾರಿಸುವವನು ಅವನೇ. ಅದಕ್ಕೆ ಅವನ ಮಾತಿಗೆ ಎದುರಾಡುವವರು ಇರಲಿಲ್ಲ. "ಪ್ರಿಯ ಕನ್ನಡ ಬಂಧುಗಳೇ, ಇನ್ನು ಮುಂದೆ ಆರು ವರ್ಷದೊಳಗಿನ ಮಕ್ಕಳನ್ನು ದಯವಿಟ್ಟು ಕರೆತರಬೇಡಿ. ಇತರರ ಮನರಂಜನೆಗೆ ಭಂಗವಾಗುತ್ತದೆ." ಅದರ ಕೆಳಗೆ ನಲವತ್ತು ಹೆಬ್ಬೆರಳು ಎದ್ದು ನಿಂತವು.

"ಹೆಸರೇನೂ ಹಾಕಿಲ್ವಲ್ಲ, ಬಿಡು ಸಂಯು," ಎಂದ ಭಾಸ್ಕರ.

"ಹೆಸರು ಹಾಕಿದ್ರೇ ವಾಸಿ ಇತ್ತು," ಎಂದಳು. ಆಮೇಲೆ ಗುಂಪಿನಲ್ಲಿ ಬರೆದಳು: "ಆ ಆರು ವರ್ಷ ಅಮ್ಮಂದಿರು ಎಲ್ಲಿರಬೇಕು ಅಂತಲೂ ದಯವಿಟ್ಟು ತಿಳಿಸಿ."

ಹತ್ತೇ ನಿಮಿಷಕ್ಕೆ ಗುರುಶಾಂತಪ್ಪನ ಫೋನು. "ಮೇಡಂ, ಬೇಜಾರು ಮಾಡ್ಕೋಬೇಡಿ. ಚಿಕ್ಕ ಮಕ್ಕಳಿರೋರು ಸ್ವಲ್ಪ ವರ್ಷ ಅಡ್ಜಸ್ಟ್ ಮಾಡ್ಕೋಬೇಕಾಗುತ್ತೆ."

ಆ ಒಂದು ಮಾತಿಗೆ ಅವಳ ಮೈಯೆಲ್ಲಾ ಉರಿದುಹೋಯಿತು. ಗಂಡನ ಹಿಂದೆ ಈ ದೇಶಕ್ಕೆ ಬಂದಾಗ ಅಡ್ಜಸ್ಟ್, ಎಂಬಿಎ ಮಾಡಿದ್ದವಳು ಪಕ್ಕದ ಟ್ರುಗನೀನಾದ ಗೋದಾಮಿನಲ್ಲಿ ಪಾಳಿಯ ರೋಸ್ಟರ್ ಹಾಕುವ ಕೆಲಸಕ್ಕೆ ಸೇರಿದಾಗ ಅಡ್ಜಸ್ಟ್, ಎರಡು ಬಾಣಂತನವನ್ನೂ ಯೂಟ್ಯೂಬ್ ನೋಡಿ ತಾನೇ ಮಾಡಿಕೊಂಡಾಗ ಅಡ್ಜಸ್ಟ್. ಮಿಕ್ಕಿದ್ದದ್ದು ಎರಡೂವರೆ ಗಂಟೆಯ ಒಂದು ಸಿನಿಮಾ. ಅದನ್ನೂ ಬಿಡಬೇಕಂತೆ. ಸಿನಿಮಾದಲ್ಲಿ ಕೂರುವುದನ್ನು ಮಗು ಸಿನಿಮಾದಲ್ಲಿ ಕೂತೇ ಕಲಿಯಬೇಕು, ಆರು ವರ್ಷ ತುಂಬಿದ ದಿನ ಬೆಳಿಗ್ಗೆ ಎದ್ದು ಏಕಾಏಕಿ ಬುದ್ಧ ಆಗುವುದಿಲ್ಲ ಎಂದು ಅವನಿಗೆ ಹೇಳಬೇಕೆನಿಸಿತು. "ಆಯ್ತು, ಬೇರೆ ದಾರಿ ನೋಡ್ತೀನಿ," ಎಂದಷ್ಟೇ ಹೇಳಿ ಫೋನಿಟ್ಟಳು.

ಬೇರೆ ದಾರಿ ಅದೇ ಮಲ್ಟಿಪ್ಲೆಕ್ಸ್‌ನಲ್ಲಿತ್ತು. ಅಲ್ಲಿ ಬುಧವಾರ ಬೆಳಿಗ್ಗೆ ಇಂಗ್ಲಿಷ್ ಸಿನಿಮಾಕ್ಕೆ ಕೂಸುಗಳ ತಾಯಂದಿರಿಗೆಂದೇ ಒಂದು ಆಟ. ಅರ್ಧ ದೀಪ ಉರಿಯುತ್ತಿರುತ್ತದೆ, ಸದ್ದು ಕಡಿಮೆ, ಕೂಸಿನ ಪ್ರಾಮ್ ಗಾಡಿಯನ್ನು ಒಳಗೇ ತರಬಹುದು. ಕನ್ನಡಕ್ಕೂ ಹೀಗೆ ಮಾಡಿಕೊಡಿ ಎಂದು ಸಂಯುಕ್ತಾ ಮ್ಯಾನೇಜರ್ ಹುಡುಗಿಯನ್ನು ಕೇಳಿದಳು. ಆ ಹುಡುಗಿ ಅರವತ್ತು ಸೀಟು ತುಂಬಿದರೆ ಆಗಬಹುದೆಂದಳು. ಸಂಯುಕ್ತಾ ಸಿಡ್ನಿಯ ವಿತರಕರಿಗೂ ಫೋನ್ ಮಾಡಿ, ಅವರು ಸರಿ ಎನ್ನುವವರೆಗೆ ಬಿಡಲಿಲ್ಲ. ಮುಂದಿನ ಸಿನಿಮಾ ಬರುವ ವಾರ ಗುಂಪಿನಲ್ಲಿ ಹಾಕಿದಳು: "ಸದ್ದು ಮಾಡುವವರ ಆಟ. ಶನಿವಾರ ಬೆಳಿಗ್ಗೆ ಹತ್ತೂವರೆ. ಅಳಬಹುದು, ಓಡಾಡಬಹುದು, ಪ್ರಶ್ನೆ ಕೇಳಬಹುದು. ಗುರುವಾರದೊಳಗೆ ಬುಕ್ ಮಾಡಿ."

ಮಂಗಳವಾರದವರೆಗೆ ಹೋದದ್ದು ಹದಿಮೂರು ಟಿಕೆಟ್. ತಾಯಂದಿರೆಲ್ಲ ಒಬ್ಬೊಬ್ಬರೇ ಮೆಸೇಜ್ ಕಳಿಸಿದರು. ಐಡಿಯಾ ಸೂಪರ್, ಆದರೆ ಶನಿವಾರ ಹತ್ತೂವರೆಗೆ ನಮ್ಮವಳಿಗೆ ಸ್ವಿಮ್ಮಿಂಗ್. ನಮ್ಮವನಿಗೆ ಟ್ಯೂಷನ್. ನಮ್ಮ ಇಬ್ಬರು ಮಕ್ಕಳಿಗೂ ಭರತನಾಟ್ಯ, ಅದು ಮುಗಿದ ಕೂಡಲೇ ಕರಾಟೆ. ಸಂಯುಕ್ತಾ ಹಣೆ ಚಚ್ಚಿಕೊಂಡಳು. ಶನಿವಾರ ಮಕ್ಕಳು ಆಡಬೇಕು ಎಂದು ಹಟ ಹಿಡಿದು ಆದ್ಯಾಳನ್ನು ಯಾವ ಕ್ಲಾಸಿಗೂ ಹಾಕದವಳು ಅವಳು. ಹಾಗಾಗಿ ಇಡೀ ಟಾರ್ನೀಟ್‌ನ ಕನ್ನಡದ ಮಕ್ಕಳು ಆ ಹೊತ್ತಿಗೆ ಯಾವುದಾದರೂ ಒಂದು ಕ್ಲಾಸಿನಲ್ಲಿರುತ್ತಾರೆ ಎಂಬುದೇ ಅವಳಿಗೆ ಹೊಳೆದಿರಲಿಲ್ಲ. ಗೋದಾಮಿನಲ್ಲಿ ನೂರಾಹತ್ತು ಜನರ ಪಾಳಿ ಹಾಕುವವಳು ಇಲ್ಲಿ ಮುಗ್ಗರಿಸಿದ್ದಳು. ಗುರುಶಾಂತಪ್ಪ "ಆಲ್ ದಿ ಬೆಸ್ಟ್ ಮೇಡಂ" ಎಂದು ಬರೆದು ಪಕ್ಕದಲ್ಲೊಂದು ನಗುಮುಖ ಅಂಟಿಸಿದ. ಆ ನಗುಮುಖವನ್ನು ಚಿವುಟಿಹಾಕಬೇಕೆನಿಸಿತು ಅವಳಿಗೆ.

ಅವತ್ತು ಸಂಜೆ ಕೆರೆ ಪಕ್ಕದ ಆಟದ ಪಾರ್ಕಿಗೆ ಅದ್ವಿಕ್‌ನನ್ನು ಕರೆದುಕೊಂಡು ಹೋದಳು. ಬೆಂಚಿನ ಮೇಲೆ ಮಂಕಿ ಕ್ಯಾಪು, ಶಾಲು, ಸ್ಪೋರ್ಟ್ಸ್ ಶೂ ಹಾಕಿಕೊಂಡ ಐದಾರು ಜನ ಹಿರಿಯರು ಕೂತಿದ್ದರು. ವಿಸಿಟರ್ ವೀಸಾದ ಮೇಲೆ ಮಕ್ಕಳ ಮನೆಗೆ ಬಂದು ದಿನಾ ಕೆರೆ ಸುತ್ತುವವರು. ಅವರಲ್ಲೊಬ್ಬರು ಗುರುಶಾಂತಪ್ಪನ ತಂದೆ ಚನ್ನಮಲ್ಲಪ್ಪ. ದೀಪಾವಳಿ ಕಾರ್ಯಕ್ರಮದಲ್ಲಿ ಅವರನ್ನು ನೋಡಿದ್ದ ನೆನಪು ಅವಳಿಗಿತ್ತು.

"ಏನವ್ವಾ, ಗದ್ದಲ ಮಾಡೋರ ಸಿನಿಮಾ ಹಾಕ್ಸಿರೋಳು ನೀನೇ ಏನು?" ಅವರೇ ಮಾತಿಗೆಳೆದರು.

"ಹೂಂ ಅಂಕಲ್. ಯಾರೂ ಬರೋ ಹಾಗೆ ಕಾಣ್ತಿಲ್ಲ."

"ನಮ್ಮ ಗುರು ನನ್ನ ಒಂದೇ ಸಲ ಕರ್ಕೊಂಡು ಹೋಗಿದ್ದ. ಆಮ್ಯಾಲೆ ನೀ ಮನ್ಯಾಗೇ ಇರಪ್ಪ ಅಂದ. ನಾ ಭಾಳ ಮಾತಾಡ್ತೀನಂತ." ಮುದುಕರು ನಗಾಡಿಕೊಂಡೇ ಹೇಳಿದರು. "ಮಾತಾಡದಂಗ ಸಿನಿಮಾ ನೋಡೋದು ಹೆಂಗವ್ವಾ? ನಿನ್ನ ಆಟಕ್ಕ ನಮ್ಮನ್ನೂ ಬಿಡ್ತೀಯೇನು?"

ಸಂಯುಕ್ತಾ ಅವರ ಪಕ್ಕ ಬೆಂಚಿನ ಮೇಲೆ ಕೂತಳು. ಮನೆಯಲ್ಲಿರಿ ಎಂದು ಹೇಳಿಸಿಕೊಂಡವಳು ತಾನೊಬ್ಬಳೇ ಎಂದುಕೊಂಡಿದ್ದಳು. ಎಪ್ಪತ್ನಾಲ್ಕು ವರ್ಷದವರೂ ಅದೇ ಪಟ್ಟಿಯಲ್ಲಿದ್ದಾರೆ ಎಂದು ಅವಳಿಗೆ ತೋಚಿರಲೇ ಇಲ್ಲ. "ಬಿಡೋದೇನು ಅಂಕಲ್, ನಾನೇ ಬಂದು ಕರ್ಕೊಂಡು ಹೋಗ್ತೀನಿ," ಎಂದಳು.

ಆ ಬೆಂಚಿನವರು ಸುಮ್ಮನೆ ಕೂರುವ ಪೈಕಿ ಅಲ್ಲ. ಬುಧವಾರ ಬೆಳಿಗ್ಗೆ ಕೆರೆ ಸುತ್ತುವಷ್ಟರಲ್ಲಿ ಸುದ್ದಿ ಹಬ್ಬಿತು. ಸಂಜೆ ಮನೆಮನೆಯಲ್ಲಿ ಮಗನೋ ಸೊಸೆಯೋ ಟಿಕೆಟ್ ಬುಕ್ ಮಾಡಬೇಕಾಯಿತು. ಅಜ್ಜ ಅಜ್ಜಿಯರಿಗೆ ಶನಿವಾರ ಸ್ವಿಮ್ಮಿಂಗ್ ಇಲ್ಲ. ಅವರು ಹೊರಟಿದ್ದು ನೋಡಿ ಕೆಲವು ಮೊಮ್ಮಕ್ಕಳೂ ಕ್ಲಾಸಿಗೆ ಚಕ್ಕರ್ ಹೊಡೆದರು. ಗುರುವಾರಕ್ಕೆ ಎಪ್ಪತ್ತೆರಡು ಸೀಟು ತುಂಬಿದವು.

ಶನಿವಾರದ ಆಟವನ್ನು ನೀವು ನೋಡಬೇಕಿತ್ತು. ಮುಂದಿನ ಸಾಲಿನಲ್ಲಿ ಎರಡು ವರ್ಷದ್ದೊಂದು ಕೂಸು ಹಾಡು ಬಂದಾಗಲೆಲ್ಲ ಕುಣಿಯಿತು. ಒಬ್ಬ ಅಜ್ಜಿ ಖಳನಾಯಕನ ವಂಶವನ್ನೆಲ್ಲ ಜಾಲಾಡಿದರು. ಚನ್ನಮಲ್ಲಪ್ಪ ನಾಯಕನಿಗೆ "ಹಿಂದ್ಗಡೆ ನೋಡಲೇ, ಹಿಂದ್ಗಡೆ!" ಎಂದು ಎಚ್ಚರಿಕೆ ಕೊಟ್ಟರು. ಅದ್ವಿಕ್ ಹದಿನೇಳು ಪ್ರಶ್ನೆ ಕೇಳಿದ, ಆದ್ಯಾ ಎಣಿಸಿಟ್ಟಿದ್ದಳು. ಇಷ್ಟರ ನಡುವೆ ಸಂಯುಕ್ತಾ ಮೊದಲ ಅಕ್ಷರದಿಂದ ಕೊನೆಯ ಹೆಸರಿನವರೆಗೆ ಕೂತ ಜಾಗದಿಂದ ಏಳಲಿಲ್ಲ. ದೀಪ ಹತ್ತಿದಾಗ ಅವಳ ಕಣ್ಣು ಒದ್ದೆಯಾಗಿತ್ತು. ಅದು ಹಾಸ್ಯದ ಸಿನಿಮಾ.

ಮಾರನೆಯ ದಿನ ಗುಂಪಿನಲ್ಲಿ ಗುರುಶಾಂತಪ್ಪನ ಅಭಿನಂದನೆ ಬಂತು. ಸಂಯುಕ್ತಾ ಮೇಡಂ ಅವರ ಪ್ರಯತ್ನ ಯಶಸ್ವಿಯಾಗಿದೆ. ಇನ್ನು ಮುಂದೆ ಚಿಕ್ಕ ಮಕ್ಕಳಿರುವ ಕುಟುಂಬಗಳೂ ಹಿರಿಯರೂ ಶನಿವಾರದ ವಿಶೇಷ ಆಟಕ್ಕೆ ಮಾತ್ರ ಬರಬೇಕಾಗಿ ವಿನಂತಿ. ಎಂದಿನ ಶುಕ್ರವಾರದ ಆಟ ಗದ್ದಲವಿಲ್ಲದೆ ನಡೆಯಲಿ. ಈ ಸಲ ಹೆಬ್ಬೆರಳಿನ ಜೊತೆಗೆ ಚಪ್ಪಾಳೆಯೂ ಬಿತ್ತು.

"ಗೆದ್ದೆಯಲ್ಲ, ಇನ್ನೇನು?" ಭಾಸ್ಕರ ದೋಸೆ ತಿರುವಿಹಾಕುತ್ತಾ ಕೇಳಿದ.

"ಗೆದ್ದಿದ್ದೆಲ್ಲಿ ಬಂತು? ಎರಡನೇ ಸಲ ಓದು. ನಮಗೊಂದು ದೊಡ್ಡಿ ಕಟ್ಟಿ ಒಳಗೆ ಕೂಡಿಹಾಕಿದಾರೆ."

"ನೀನೇ ಅಲ್ವೇನೇ ಆ ಆಟ ಕೇಳಿದ್ದು?"

ಹೌದು, ತಾನೇ ಕೇಳಿದ್ದು. ಅದೇ ಅವಳನ್ನು ಚುಚ್ಚಿದ್ದು. ಯಾರಿಗೆ ಬೇಕೋ ಅವರಿಗೊಂದು ಹೆಚ್ಚಿನ ಆಟ ಇರಲಿ ಎಂದು ಕೇಳಿದ್ದಳೇ ಹೊರತು, ಮಿಕ್ಕ ಆಟಗಳ ಬಾಗಿಲು ಮುಚ್ಚಿ ಎಂದಿರಲಿಲ್ಲ. ಅವಳು ಅಲ್ಲೇ ನಿಂತು ಬರೆದಳು: "ಶನಿವಾರದ ಆಟ ನಾವು ಕೇಳಿ ಪಡೆದದ್ದು. ಶುಕ್ರವಾರದ ಆಟ ಮೊದಲಿಂದಲೂ ನಮ್ಮದೇ. ಎರಡಕ್ಕೂ ಬರುತ್ತೇವೆ." ಯಾರೂ ಹೆಬ್ಬೆರಳು ಎತ್ತಲಿಲ್ಲ. ಅವಳಿಗೂ ಅದರ ಹಂಗಿರಲಿಲ್ಲ.

ಮೂರು ವಾರ ಬಿಟ್ಟು ಇನ್ನೊಂದು ಸಿನಿಮಾ ಬಂತು. ಸಂಯುಕ್ತಾ ಶುಕ್ರವಾರದ ಆರೂವರೆ ಆಟಕ್ಕೆ ಐದು ಸೀಟು ಬುಕ್ ಮಾಡಿ, ಚನ್ನಮಲ್ಲಪ್ಪನವರಿಗೆ ಫೋನ್ ಮಾಡಿದಳು.

"ಶುಕ್ರವಾರ ಹಿರೇರು ಬರಬಾರ್ದು ಅಂತ ಹೇಳ್ಯಾನಲ್ಲವ್ವಾ. ಗುರು ಬೈತಾನ."

"ಬೈದ್ರೆ ನನಗೆ ಬೈಲಿ ಅಂಕಲ್. ರೆಡಿ ಇರಿ."

ಗುರುಶಾಂತಪ್ಪ ಆಫೀಸಿನಿಂದ ನೇರವಾಗಿ ಬಂದು ಮುಂದಿನ ಸಾಲುಗಳಲ್ಲೊಂದರಲ್ಲಿ ಕೂತಿದ್ದ. ಇವರು ಐವರು ಒಳಗೆ ಬಂದದ್ದು ದೀಪ ಆರಿದ ಮೇಲೆ. ಅದ್ವಿಕ್ ಒಂದು ಪಕ್ಕ ಅಮ್ಮ, ಇನ್ನೊಂದು ಪಕ್ಕ ಚನ್ನಮಲ್ಲಪ್ಪ ಎಂದು ಕೂತ. ಮುಕ್ಕಾಲು ಗಂಟೆ ಬಾಯಿಗೆ ಬೀಗ ಹಾಕಿಕೊಂಡಿದ್ದ ಮಗು ಅದು, ಪಾಪ. ಆಮೇಲೆ ಗಡ್ಡದವನೊಬ್ಬ ತೆರೆಗೆ ಬಂದ. ಅವನು ಯಾರೆಂದು ಹಾಲ್‌ನಲ್ಲಿ ಯಾರಿಗೂ ಅರ್ಥವಾಗಲಿಲ್ಲ.

"ತಾತಾ, ಇವ್ನು ಯಾರು?"

"ಇವನಾ? ಮೊದಲು ಒಬ್ಬ ಲಾರಿ ಓಡಿಸ್ತಿದ್ನಲ್ಲ, ಅವನ ತಮ್ಮ ಇರಬೇಕು ನೋಡು," ಚನ್ನಮಲ್ಲಪ್ಪನವರ ದನಿ ಹಾಲ್ ತುಂಬಾ ಕೇಳಿತು.

ಯಾರೋ ಶ್ ಎಂದರು. ಇನ್ನೂ ಇಬ್ಬರು ಶ್ ಎಂದರು. ಭಾಸ್ಕರ ಸೀಟಿನಲ್ಲಿ ಕುಗ್ಗಿದ. ಮುಂದಿನ ಸಾಲಿನಿಂದ ಗುರುಶಾಂತಪ್ಪ ಎದ್ದ. ಆ ದನಿಯನ್ನು ಗುರುತು ಹಿಡಿಯಲು ಅವನಿಗೆ ಬೆಳಕು ಬೇಕಿರಲಿಲ್ಲ. ಮೆಟ್ಟಿಲು ಹತ್ತಿ ಬಂದು ಸಂಯುಕ್ತಾಳ ಕಡೆ ಒಮ್ಮೆ ದುರುಗುಟ್ಟಿ, ಅಪ್ಪನ ಮುಂದೆ ಬಗ್ಗಿ ನಿಂತ.

"ಅಪ್ಪಾ, ಸ್ವಲ್ಪ ಸುಮ್ನಿರ್ತೀಯಾ?"

"ಯಾಕಲೇ? ಮಗು ಕೇಳ್ತೈತಿ, ಹೇಳಬ್ಯಾಡೇನು?" ಮುದುಕರ ದನಿ ಒಂದಿಷ್ಟೂ ತಗ್ಗಲಿಲ್ಲ. "ನೀ ಸಣ್ಣವ ಇದ್ದಾಗ ಕೇಳ್ತಿದ್ದಿ, ನಾ ಹೇಳ್ತಿರ್ಲಿಲ್ಲೇನು?"

ಗುರುಶಾಂತಪ್ಪ ನೆಟ್ಟಗಾದ. ತೆರೆಗೆ ಅಡ್ಡವಾಗಿ ಹಾಗೇ ನಿಂತುಬಿಟ್ಟ. ಹಾಲ್‌ನಲ್ಲಿದ್ದವರೆಲ್ಲ ಸಿನಿಮಾ ಬಿಟ್ಟು ಇತ್ತ ತಿರುಗಿದ್ದರು.

"ಗುರು ಅವ್ರೇ, ಕೂತ್ಕೊಳ್ಳಿ," ಎಂದಳು ಸಂಯುಕ್ತಾ, ಎಲ್ಲರಿಗೂ ಕೇಳುವಂತೆ. "ನಮಗೆ ಸಿನಿಮಾ ಕಾಣ್ತಿಲ್ಲ."

ಹಿಂದಿನ ಸಾಲಿನಿಂದ ಇನ್ನೊಬ್ಬ ಹೆಂಗಸು "ಹೌದು, ಕೂತ್ಕೊಳ್ರೀ" ಎಂದಳು. ಅಪ್ಪನ ಪಕ್ಕದ ಸೀಟು ಖಾಲಿ ಇತ್ತು. ಗುರುಶಾಂತಪ್ಪ ಅದರಲ್ಲಿ ಕೂತ.