ದಡದ ಮೇಲಿನ ಈಜುಗಾರ

ಬೇಸಿಗೆ ರಜೆ ಬಂತೆಂದರೆ ದೊಡ್ಡಪ್ಪನ ಆಳ್ವಿಕೆ ಶುರುವಾಯಿತೆಂದೇ ಅರ್ಥ. ಮದುವೆಮನೆಯಲ್ಲಿ ವಾದ್ಯಕ್ಕಿಂತ ಇವರ ಗಂಟಲೇ ಜೋರು. ಹುಟ್ಟುಹಬ್ಬದಲ್ಲಿ ಕೇಕನ್ನು ಎಲ್ಲಿಂದ ಕತ್ತರಿಸಬೇಕೆಂದು ಇವರೇ ಬೆರಳು ತೋರಿಸಬೇಕು. ವ್ಯಾನಿನ ಮುಂದಿನ ಸೀಟು ಇವರದು, ಡ್ರೈವರ್ ಬರೀ ನೆಪಕ್ಕೆ. ಆದರೆ ಅವರ ನಿಜವಾದ ಪ್ರತಾಪ ನೋಡಬೇಕೆಂದರೆ ಕೆರೆಯ ದಂಡೆಗೇ ಬರಬೇಕು. ಇಸ್ತ್ರಿ ಮುರಿಯದ ಪ್ಯಾಂಟು, ಮಿರಮಿರ ಮಿಂಚುವ ಬೂಟು, ಕೊರಳಲ್ಲಿ ಸೀಟಿ. ನೀರಿಗಿಳಿದ ಮಕ್ಕಳಿಗೆ ದಂಡೆಯಿಂದಲೇ ಅಪ್ಪಣೆ: "ಕಾಲು ಬಡಿಯೋ! ಉಸಿರು ಬಿಗಿಹಿಡಿಯೇ! ನಿಮ್ಮ ವಯಸ್ಸಲ್ಲಿ ನಾನು ಮೀನಿಗೇ ಪಾಠ ಹೇಳ್ತಿದ್ದೆ!" "ಹಾಗಾದ್ರೆ ಒಂದ್ಸಲ ಇಳೀರಿ ಭಾವ" ಎಂದು ಅವರ ನಾದಿನಿ ಕೆಣಕಿದರೆ, "ತಾಳ ಹಾಕೋನು ಕುಣೀತಾನೇನಮ್ಮಾ?" ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಆ ಬೂಟಿಗೆ ಹನಿ ನೀರು ತಾಗಿದ್ದನ್ನು ಕಂಡವರಿಲ್ಲ. ಈ ಬೇಸಿಗೆಯಲ್ಲಿ ಮಾತ್ರ, ನಾದಿನಿಯ ಪುಟ್ಟ ಮಗಳು ಕಾಲು ಜಾರಿ ಮುಳುಗಿದಾಗ, ಎಲ್ಲರಿಗಿಂತ ಮೊದಲು ಬೂಟಿನ ಸಮೇತ ಧುಮುಕಿದವರು ಅವರೇ. ಮಗುವನ್ನು ತಲೆಯ ಮೇಲೆತ್ತಿ ಹಿಡಿದು ತಾವೇ ಮುಳುಗುತ್ತಿದ್ದ ದೊಡ್ಡಪ್ಪನನ್ನು ನಾದಿನಿ ಈಜಿ ಹೋಗಿ, ಕಾಲರ್ ಹಿಡಿದು ದಡಕ್ಕೆಳೆದಳು. "ನಿಮಗೆ ಈಜು ಬರಲ್ವಾ ಭಾವ?" ಎಂದು ಮೆಲ್ಲಗೆ ಕೇಳಿದಳು. ದೊಡ್ಡಪ್ಪ ಕೆಮ್ಮಿ, ಸೀಟಿಯೊಳಗಿನ ನೀರು ಕೊಡವಿ, ನೆರೆದವರತ್ತ ತಿರುಗಿದರು: "ನೋಡಿದ್ರಲ್ಲ? ಬೂಟು ಹಾಕ್ಕೊಂಡು ನೀರಿಗೆ ಇಳೀಬಾರ್ದು!" ದನಿ ಎಂದಿನಂತೆ ಗುಡುಗಿತು, ಮಗುವಿನ ಫ್ರಾಕು ಹಿಡಿದ ಮುಷ್ಟಿ ಮಾತ್ರ ಮನೆ ಮುಟ್ಟುವವರೆಗೂ ಸಡಿಲಲಿಲ್ಲ.