ಏತದ ಕೊಕ್ಕೆ

ಗುರುಪಾದಯ್ಯ ಹೋದ. ತಿಕೋಟಾದಲ್ಲಿ ಅವನ ವೆಲ್ಡಿಂಗ್ ಅಂಗಡಿಯ ಷಟರ್ ಇಳಿದಿದೆ. ಶ್ರದ್ಧಾಂಜಲಿ ಬ್ಯಾನರಿಗೆ ನಾಲ್ಕು ಸಾಲು ಬರೆದುಕೊಡಿ ಎಂದು ಮನೆಯವರು ನನ್ನನ್ನು ಕೇಳಿದರು. ಗೆಳೆಯ, ಓದಿದವನು ಎಂದು. ಹುಟ್ಟೂರು, ವಯಸ್ಸು ಬರೆದೆ. ಮುಂದಿನ ಸಾಲಿಗೆ ಕೈ ನಿಂತಿತು.

ಒಣದ್ರಾಕ್ಷಿ ಮಾಡುವ ಮುನ್ನ ಹಸಿ ಹಣ್ಣಿನ ಕ್ರೇಟುಗಳನ್ನು ಔಷಧದ ನೀರಿನಲ್ಲಿ ಅದ್ದಿ ತೆಗೆಯಬೇಕು. ಮೊದಲು ಹೆಂಗಸರು ಬಗ್ಗಿ ಬಗ್ಗಿ ಅದ್ದುತ್ತಿದ್ದರು. ಈಗ ನಮ್ಮ ಕಡೆಯ ಶೆಡ್ಡುಗಳಲ್ಲಿ ಒಂದು ಸಣ್ಣ ಏತವಿದೆ. ಕಬ್ಬಿಣದ ಉದ್ದನೆಯ ದಂಡ, ಒಂದು ತುದಿಗೆ ಕಲ್ಲಿನ ಭಾರ, ಇನ್ನೊಂದು ತುದಿಗೆ ಕ್ರೇಟು ಹಿಡಿಯುವ ಕೊಕ್ಕೆ. ಎಲ್ಲರೂ ಅದಕ್ಕೆ ಸಂಗಣ್ಣನ ಏತ ಎನ್ನುತ್ತಾರೆ. ಬಬಲೇಶ್ವರದ ಕಡೆ, ನಿಡೋಣಿಯ ದ್ರಾಕ್ಷಿ ಬೆಳೆಗಾರ ಸಂಗನಬಸವ ಅದನ್ನು ಮಾಡಿದನೆಂದು.

ಅದೇ ವರ್ಷ ಗುರುಪಾದಯ್ಯನೂ ಒಂದು ಮಾಡಿದ್ದ. ಅವನದು ರಾಟೆಯದು, ಹಗ್ಗ ಜಾರುತ್ತಿತ್ತು; ಕೊಕ್ಕೆ ಮಾತ್ರ ಗಟ್ಟಿ. ಸಂಗಣ್ಣನ ದಂಡ ಚೆನ್ನಾಗಿತ್ತು, ಕ್ರೇಟು ಕಳಚಿ ಬೀಳುತ್ತಿತ್ತು. ಮರುವರ್ಷ ಇಬ್ಬರ ಏತದಲ್ಲೂ ಅದೇ ದಂಡ, ಅದೇ ಕೊಕ್ಕೆ. ಕದ್ದವನು ನೀನು ಎಂದು ಜಗಳವಾಡಿ ಒಬ್ಬರೊಡನೊಬ್ಬರು ಮಾತು ಬಿಟ್ಟರು. ಸಂಗಣ್ಣನ ತೋಟ ದೊಡ್ಡದು, ನೋಡಲು ಬರುವವರು ಬಹಳ. ಹೆಸರು ಅಲ್ಲಿಯೇ ನಿಂತಿತು.

ಮುರಿದ ಏತಗಳು ಮಾತ್ರ ಗುರುಪಾದಯ್ಯನ ಅಂಗಡಿಗೇ ಬರುತ್ತಿದ್ದವು.

“ಅಯ್ನಾರ, ಸಂಗಣ್ಣನ ಸೊಂಟ ಮುರದೈತ್ರಿ!”

“ತಾರಲೇ, ಸೊಂಟ ಬೆಸೀತೀನಿ. ಬಾಯಿ ಬೆಸಿ ಅಂದ್ರ ರೊಕ್ಕಾ ಇಲ್ದನ ಬೆಸೀತಿದ್ದೆ.”

ನಗುತ್ತಲೇ ಅನ್ನುತ್ತಿದ್ದ. ಏತ ತಂದವರು ಹೋದ ಮೇಲೆ ಅವನ ಚಹಾ ಹಾಗೇ ಆರುತ್ತಿತ್ತು.

ಅವನ ಮಗಳು ಶೈಲಾ ವಿಜಯಪುರದಲ್ಲಿ ಬ್ಯಾಂಕಿನಲ್ಲಿದ್ದಾಳೆ. “ಕಾಕಾ, ದ್ರಾಕ್ಷಿ ಏತ ಕಂಡುಹಿಡಿದವರು ಅಂತ ಬರೀರಿ. ಇದ್ದಾಗಂತೂ ಯಾರೂ ಅನಲಿಲ್ಲ” ಎಂದಳು. ಅರ್ಧ ನಿಜವನ್ನು ಅವನ ಫೋಟೊದ ಕೆಳಗೆ ಹೇಗೆ ಬರೆಯಲಿ? ಬರೆಯದಿದ್ದರೆ ಅವನದೆಂದು ಏನು ಉಳಿಯುತ್ತದೆ?

ಮನೆಯವರನ್ನು ಮಾತಾಡಿಸಲು ಸಂಗಣ್ಣ ಬಂದ. ಕೋಲು ಬದಿಗಿಟ್ಟು ಗೋಡೆಗೆ ಒರಗಿದ. ಶೈಲಾ ನೇರವಾಗಿ ಕೇಳಿಬಿಟ್ಟಳು.

“ಅಜ್ಜಾರ, ಏತ ಯಾರದ್ರಿ?”

ಅವನು ಫೋಟೊ ನೋಡಿದ.

“ದಂಡ ನಂದವ್ವಾ. ಕೊಕ್ಕಿ ನಿಮ್ಮಪ್ಪಂದು. ಅಂವ ಇದ್ದಿದ್ರ ಇಷ್ಟೂ ಹೇಳ್ತಿದ್ದಿಲ್ಲ ನಾ.”

ಶೈಲಾ ಎದ್ದು ಒಳಗೆ ಹೋದಳು. ಮುಖ ತೊಳೆದು ಬಂದು, “ಕೊಕ್ಕಿ ಅಂತನ ಬರೀರಿ ಕಾಕಾ” ಎಂದಳು.

ಹಾಗೇ ಬರೆದೆ: ದ್ರಾಕ್ಷಿ ಏತದ ಕೊಕ್ಕೆ ಮಾಡಿದವರು. ಬ್ಯಾನರನ್ನು ಅಂಗಡಿಯ ಷಟರಿಗೆ ಕಟ್ಟಿದರು.

ನಿನ್ನೆ ಅಲ್ಲಿಯೇ ಕಟ್ಟೆಯ ಮೇಲೆ ಕುಳಿತಿದ್ದೆ. ಕಳ್ಳಕವಟಗಿ ಊರಿನ ರೈತನೊಬ್ಬ ಟಂಟಂ ಆಟೋದಲ್ಲಿ ಏತ ಹೇರಿಕೊಂಡು ಬಂದ.

“ಸಂಗಣ್ಣನ ಏತ್ರಿ, ಕೊಕ್ಕಿ ಮುರದೈತಿ. ಅಯ್ನಾರು ಎಲ್ಲದಾರ?”

ಬ್ಯಾನರಿನತ್ತ ಕೈ ಮಾಡಿದೆ. ಓದಿದ. ಚಪ್ಪಲಿ ಬಿಟ್ಟು ಕೈ ಮುಗಿದ.

“ಮತ್ತ ಇದನ್ನ ಯಾರ ಕಡೆ ಒಯ್ಯಲ್ರಿ?”